ಓಲೆಯಿಲ್ಲದ ಕಿವಿ

ದೇರಾದ ಚಿನ್ನದ ಬಜಾರಿನ ಹಿಂಗಲ್ಲಿ, ಮೂರನೆಯ ಮಹಡಿ.
ಲಿಫ್ಟು ಕೆಟ್ಟಿತ್ತು. ಇಂದ್ರಕಾಂತಿ ಅವನನ್ನು
ಬೆಡ್‌ಶೀಟಿನಲ್ಲಿ ಸುತ್ತಿ, ಮಗುವಿನ ಹಾಗೆ
ಸೊಂಟದ ಮೇಲಿಟ್ಟುಕೊಂಡು ಹತ್ತಿ ಬಂದಳು.

ಮುಚ್ಚಿಹೋದ ಹೋಟೆಲಿನ ಮಸಾಜು ಕೋಣೆಯಲ್ಲಿ
ಹನ್ನೊಂದು ವರ್ಷ ಟವೆಲ್ಲು ಕಾಯ್ದವನಂತೆ.
ಗುಜರಿಯಲ್ಲಿ ತೊಂಬತ್ತು ದಿರ್‌ಹಮ್ಮು.
ಮೈತುಂಬ ಡಬ್ಬಿಯ ಚಿನ್ನದ ಬಣ್ಣ,
ಪೀಠದಡಿ ಬೆಲೆಯ ಚೀಟಿ.

"ಭಾಯಿ, ನಿಜವಾದದ್ದು ಹಚ್ಚಿಕೊಡಿ."
ಕರವಸ್ತ್ರ ಬಿಚ್ಚಿದಳು: ಒಂದು ಜೊತೆ ಓಲೆ.
ಅವಳ ಕಿವಿಯ ತೂತಿನಲ್ಲಿ ಆಗಲೇ
ಪೊರಕೆಕಡ್ಡಿಯ ಚೂರು.

ನಾನು ಹೊನ್ನಾವರದ ಸೊನಗಾರ.
ಅಕ್ಕನ ಚಿನ್ನವನ್ನೂ ಅಕ್ಕಸಾಲಿ ಬಿಡನೆಂದು
ಗಾದೆ ಕಟ್ಟಿದವರ ನಾಡಿನವನು.
ಸರ ಬಲ್ಲೆ, ಬಳೆ ಬಲ್ಲೆ, ಮೂಗುತಿ ಬಲ್ಲೆ;
ಇಡೀ ಒಂದು ಮೈ? ಗೊತ್ತಿರಲಿಲ್ಲ.
ಕೆಳಗೆ ಗೇಟು ಕಾಯುವ ರತ್ನಜ್ಯೋತಿ ಶಾಕ್ಯನನ್ನು ಕೂಗಿದೆ,
ನೇಪಾಳದ ಪಾಟನ್ನಿನವನು,
ಅಜ್ಜ ಮುತ್ತಜ್ಜ ಬುದ್ಧರನ್ನೇ ಎರಕ ಹೊಯ್ದವರು.
ಟಾರ್ಚು ಬಿಟ್ಟು, ಉಗುರಲ್ಲಿ ಬಣ್ಣ ಕೆರೆದು
"ತಾಮ್ರ" ಅಂದ.
ತುಸು ಹೊತ್ತಾದ ಮೇಲೆ, "ನಮ್ಮೂರಿಂದು."

ಹುಣಸೆಹುಳಿ ಹಾಕಿ ತಿಕ್ಕಿದೆವು ಎರಡು ರಾತ್ರಿ.
ಓಲೆ ಕರಗಿಸಿ, ಇಪ್ಪತ್ತೆರಡನ್ನು ಇಪ್ಪತ್ತನಾಲ್ಕಕ್ಕೇರಿಸಿ,
ಅರದಲ್ಲಿ ಉಜ್ಜಿ ಪಾದರಸದೊಡನೆ ಅರೆದರೆ
ಚಿನ್ನ ತನ್ನ ಬಣ್ಣ ಮರೆತು ಬೆಣ್ಣೆಯಾಯಿತು,
ಬೂದು ಬೆಣ್ಣೆ. ಬಳಿದಾಗ
ಜ್ವರದಲ್ಲಿ ಮಲಗೆದ್ದವನಂತೆ ಕಂಡ ಬುದ್ಧ.
ಬೆಂಕಿ ತಾಗಿಸಿದೆವು, ಮೂಗಿಗೆ ಒದ್ದೆ ಬಟ್ಟೆ ಕಟ್ಟಿ.
ಫ್ಯಾನು ವಿಷವನ್ನು ಕ್ರೀಕಿನ ಕಡೆಗೆ ನೂಕುತ್ತಿತ್ತು.
"ಅಪ್ಪನ ಕೈ ನಡುಗತೊಡಗಿದ್ದು ಇದರಿಂದಲೇ,"
ಎಂದ ಶಾಕ್ಯ, "ಅದಕ್ಕೇ ನಾನು ವಾಚ್‌ಮನ್."

ಪಾದರಸ ಹೋಯಿತು. ಉಳಿಯಿತು ಮಂಕು ಹಳದಿ.
ಅಕೀಕ್ ಕಲ್ಲು ಹಿಡಿದು ಉಜ್ಜುತ್ತ ಕೂತೆ.
ಅವನು ಹೇಳುತ್ತ ಹೋದ: ಈ ಬಲಗೈ,
ಮಾರ ಬಂದು ನಿನಗೆ ಯಾರು ಸಾಕ್ಷಿ ಎಂದಾಗ
ನೆಲವನ್ನೇ ಮುಟ್ಟಿ ಕರೆದ ಕೈ.
"ಇಲ್ಲಿ ನೆಲ ವೀಸಾದ್ದಲ್ಲವೇನೋ ಮಾರಾಯ" ಅಂದೆ.
ನಗಲಿಲ್ಲ. ಆ ಬೆರಳ ತುದಿಗೆ
ಇನ್ನೊಂದು ಲೇಪ ಕೊಟ್ಟ.

ಈ ಕಿವಿ ಯಾಕಿಷ್ಟು ಉದ್ದ?
"ಅರಸುಮಗನಾಗಿದ್ದಾಗಿನ ಓಲೆಯ ಭಾರ.
ಓಲೆ ಬಿಟ್ಟು ಹೋದ, ಕಿವಿ ಹಾಗೇ ಉಳಿಯಿತು."
ನನ್ನ ಕಲ್ಲು ನಿಂತಿತು.
ಇಪ್ಪತ್ತಾರು ವರ್ಷ ಎಷ್ಟು ಕಿವಿಗಳ ಅಳತೆಗೆ ಬಾಗಿದ್ದೆ;
ತೊಡಿಸಿದ್ದೇ ಹೊರತು
ಕಳಚಿದ ಮೇಲಿನ ಕಿವಿಯನ್ನು ನೋಡಿರಲಿಲ್ಲ.
ಆ ಜೋಲು ಹಾಲೆಯ ಸಣ್ಣ ಸೀಳಿನೊಳಗೆ
ಕಲ್ಲು ಹೋಗದು. ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಹೊಳಪಿಟ್ಟೆ.

ಬೆನ್ನಿಗೆ ಬೇಡವೆಂದ ಶಾಕ್ಯ. ಅವರಲ್ಲಿ
ಕಾಣುವಲ್ಲಿಗಷ್ಟೇ ಚಿನ್ನ. ಹಿಂದೆ ತಾಮ್ರ ಹಾಗೇ ಉಳಿಯಿತು,
ಮಧ್ಯಾಹ್ನ ಅಂಗಿ ಕಳಚಿ ಕೂತ
ಯಾವನದೋ ಬೆನ್ನಿನ ಹಾಗೆ.

ಕಣ್ಣು ಕೊನೆಗೆ. ಅದು ಇಂದ್ರಕಾಂತಿಯ ಊರಿನ ಕ್ರಮ:
ಬರೆಯುವವನು ನೇರ ನೋಡಬಾರದು.
ಮೇಡಮ್ಮು ಎಸೆದ ಪೌಡರು ಡಬ್ಬಿಯ ಕನ್ನಡಿ ತಂದಿದ್ದಳು.
ಬೆಳಗಿನ ಬಾಂಗು ಮುಗಿದು, ಅಬ್ರಾದ ಮೊದಲ ಮೋಟಾರು
ಇನ್ನೂ ಕೆಮ್ಮದ ಹೊತ್ತು.
ಶಾಕ್ಯ ಬೆನ್ನು ತಿರುಗಿಸಿ ನಿಂತು
ಹೆಗಲ ಮೇಲಿಂದ ಕುಂಚ ಹಿಂದಕ್ಕೆ ಚಾಚಿದ.
ಮೊದಲ ನೋಟ ಬೀಳಲೆಂದು ಎದುರಿಗೆ
ಐದು ಲೀಟರಿನ ನೀರಿನ ಕ್ಯಾನು.
ಅವನ ಕೈ ನಡುಗಲಿಲ್ಲ.
ನಾವಿಬ್ಬರೂ ನೋಡಿದ್ದು ಅದನ್ನೇ.

ಅವಳು ಬಂದು ಮುಖ ನೋಡಲಿಲ್ಲ ಮೊದಲು.
ತಿರುಗಿಸಿ, ಬರಿಬೆನ್ನ ಮೇಲೆ ಅಂಗೈಯಿಟ್ಟು ನಿಂತಳು,
ಸಿಂಹಳದಲ್ಲಿ ಏನೋ ಅಂದಳು, ಅವನಿಗಷ್ಟೇ.

ಎರಡು ಗುಲಗಂಜಿ ತೂಕ ಉಳಿದಿತ್ತು.
"ತಗೋ ಅಕ್ಕಾ, ಕಿವಿಗೆ ತಂತಿಯಾದರೂ ಆಗುತ್ತೆ."
ಬೇಡವೆಂದು ಕಡ್ಡಿಯ ಚೂರು ಮುಟ್ಟಿ ತೋರಿಸಿದಳು.
ಕಾಗದದ ಪೊಟ್ಟಣ ಇನ್ನೂ ಡ್ರಾಯರಿನಲ್ಲಿದೆ.
ತಿಂಗಳ ಕೊನೆಗೆ ಮಾಲೀಕ
ಇದು ಯಾರ ಲೆಕ್ಕದ್ದು ಎನ್ನುತ್ತಾನೆ.
ವೇಸ್ಟೇಜು, ಎಂದು ಬರೆಯುತ್ತೇನೆ.